ಏಳರ ಮಗ್ಗಿ ಕೊಟ್ಟ ದಿನ

ಕಲಿಸಿದ್ದು ಕಲಿಸಿದವರ ತಲೆಯಲ್ಲಿ ಉಳಿಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಶಾಲೆಗಳಿಲ್ಲ, ಮಕ್ಕಳಿಗೆ ವಿದ್ಯೆಯನ್ನು ಮನೆಯವರೇ ಕೊಡಬೇಕು. ಹೋದ ವರ್ಷವೇ ನನ್ನ ಗಂಡ ಅಕ್ಷರವನ್ನೆಲ್ಲ ಮಗಳು ವೇಣಿಗೆ ಕೊಟ್ಟುಬಿಟ್ಟ. ಈಗ ಬಸ್ಸಿನ ಬೋರ್ಡನ್ನು ಅವಳೇ ಅವನಿಗೆ ಓದಿ ಹೇಳುತ್ತಾಳೆ. ಲೆಕ್ಕ ನನ್ನ ಪಾಲು. ಕೂಡುವುದು, ಕಳೆಯುವುದು, ಬೇರೆ ಮಗ್ಗಿಗಳು ಎಲ್ಲ ಕೊಟ್ಟಾಗಿತ್ತು. ಉಳಿದದ್ದು ಏಳರ ಮಗ್ಗಿಯೊಂದೇ.

“ಟೈಲರ್ ಆಗಿ ಅದನ್ನೂ ಕೊಟ್ಟರೆ ಬಟ್ಟೆ ಹೇಗೆ ಕತ್ತರಿಸ್ತೀಯೆ?” ಎಂದಳು ಪಕ್ಕದ ಮನೆಯ ಶಕೀಲಾ.

“ಹಬ್ಬದ ಆರ್ಡರೆಲ್ಲ ಮೊದಲೇ ಕತ್ತರಿಸಿಟ್ಟಿದ್ದೀನಿ. ನನಗೇನು ಬುದ್ಧಿ ಇಲ್ವಾ?” ಎಂದೆ.

ವೇಣಿಯನ್ನು ಮಷಿನ್ ಪಕ್ಕ ಕೂರಿಸಿಕೊಂಡೆ. ನಾನು ಒಂದು ಸಾಲು ಹೇಳುವುದು, ಅವಳು ತಿರುಗಿ ಹೇಳುವುದು, ನನ್ನಿಂದ ಅದು ಹೋಗುವುದು. ಕಾಲು ಗಂಟೆಯಲ್ಲಿ ಮುಗಿಯಿತು.

“ಅಮ್ಮಾ, ನನ್ನ ಲಂಗ?” ಎಂದಳು ವೇಣಿ.

ಟೈಲರ್ ಮನೆಯವರ ಬಟ್ಟೆ ಯಾವಾಗಲೂ ಕೊನೆಗೆ. ಮರೆತೇಬಿಟ್ಟಿದ್ದೆ. ಕತ್ತರಿಸಬೇಕಾದದ್ದು ನನ್ನ ಮದುವೆ ಸೀರೆ, ತಪ್ಪಿದರೆ ಇನ್ನೊಂದಿಲ್ಲ. ಅದನ್ನು ಮೇಜಿನ ಮೇಲೆ ಹಾಸಿ, “ಏಳು ನೆರಿಗೆ, ಒಂದೊಂದಕ್ಕೆ ಒಂಬತ್ತು ಇಂಚು,” ಎಂದು ಅವಳ ಮುಖ ನೋಡಿದೆ.

“ಅರವತ್ಮೂರು,” ಎಂದಳು, ಸೀರೆಯ ಅಂಚು ಸವರುತ್ತಾ.

ಎರಡೆರಡು ಸಲ ಲೆಕ್ಕ ನೋಡದೆ ನಾನು ಯಾವತ್ತೂ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ಇನ್ನೊಂದು ಸಲ ಹೇಳು ಅನ್ನಲಿಲ್ಲ. ಅರವತ್ಮೂರಕ್ಕೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಿಯೇಬಿಟ್ಟೆ.