ಗೋಡೆಗೆ ತೂಗುಹಾಕಿದ ರೊಟ್ಟಿ

ಗದಗಿನ ಅಂದಾನಪ್ಪನವರ ಕಾಲಿಗೆ ಚಕ್ರ ಇದೆ ಅಂತ ಮನೆಮಂದಿಯೆಲ್ಲ ನಗುತ್ತಿದ್ದರು...

ಟೈರ್ ಅಂಗಡಿ ಅವರದು. ಗಲ್ಲೆಯ ಮುಂದೆ ಕೂತರೂ ಕಣ್ಣು ಮಾತ್ರ ರಸ್ತೆಯ ಮೇಲೆ. ಮದುವೆಗೆ ಹೋದರೆ ಅಕ್ಷತೆ ಬೀಳುವ ಮೊದಲೇ ಬೈಕ್ ಕೀ ಹುಡುಕುವ ಮನುಷ್ಯ!

ಅರವತ್ತರ ಹೊಸ್ತಿಲಲ್ಲಿ ಒಂದು ದಿನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದರು. ಬೈಕನ್ನು ಹಡಗಿನಲ್ಲಿ ಇರಾನ್‌ಗೆ ಕಳಿಸಿ, ತಾವೂ ಹೊರಟೇಬಿಟ್ಟರು.

"ಸಮರಕಂದ್ ನೋಡಿ ವಾಪಸ್ ಬರ್ತೀನಿ" ಅಂತ ಹೆಂಡತಿ ಸುವರ್ಣಾಗೆ ಮಾತು ಕೊಟ್ಟಿದ್ದರು.

ಸಮರಕಂದ್ ಬಂತು... ನೋಡಿದ್ದೂ ಆಯಿತು. ಆದರೆ ಮನಸ್ಸು ನಿಲ್ಲಬೇಕಲ್ಲ?

ಅಷ್ಟರಲ್ಲಿ ಊರಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ತೊಟ್ಟಿಲು ಕಾರ್ಯ ತವರಿನಲ್ಲೇ ಆಗಬೇಕು, ಅಜ್ಜ ಮುಂದೆ ನಿಲ್ಲಬೇಕು ಅಂತ ಸುವರ್ಣಾ ದಿನವನ್ನು ಮುಂದೂಡುತ್ತಲೇ ಇದ್ದರು.

"ರೀ, ಕೂಸಿಗೆ ಇನ್ನೂ ಹೆಸರಿಲ್ಲ. ಅದು ಎದ್ದು ಓಡ್ಯಾಡಾಕ ಹತ್ತಿದ ಮ್ಯಾಲೆ ಹೆಸರಿಡೂದೇನು?" ಅಂತ ಫೋನಿನಲ್ಲಿ ಕೇಳಿದರು.

"ಇನ್ನೊಂದ ದೇಶ ಅಷ್ಟ, ಸುವರ್ಣಾ... ಹಿಮ ಬಿದ್ರ ಘಾಟಿ ಮುಚ್ಚತೈತಿ. ನೋಡಿ ಬಂದಬಿಡ್ತೀನಿ."

ಆಮೇಲೆ ಆಕೆಯ ಮೆಸೇಜುಗಳಿಗೆ ಉತ್ತರ ಕೊಡುವುದನ್ನೇ ಬಿಟ್ಟರು. ಎರಡು ಚಕ್ರ ಉರುಳುತ್ತಿದ್ದರೆ ಸಾಕು, ಅವರಿಗೆ ಜಗತ್ತೇ ಬೇಡ.

ತಾಜಿಕಿಸ್ತಾನದ ಬೆಟ್ಟಗಳ ಕಡೆ ಹೋಗುವ ದಾರಿಯಲ್ಲಿ, ಒಂದು ಉಜ್ಬೆಕ್ ಹಳ್ಳಿಯ ಮುಂದೆ ಬೈಕಿನ ಚೈನ್ ಕಟ್ ಆಯಿತು...

ಗುಲ್ಸಾರಾ ಎಂಬ ಅಜ್ಜಿ ಅವರನ್ನು ಮನೆಯೊಳಗೆ ಕರೆದಳು. ಪಕ್ಕದ ಮನೆಯವನು ಚೈನ್ ಲಿಂಕ್ ತರಲು ಪೇಟೆಗೆ ಹೋದ.

ಅಜ್ಜಿಯ ಸೊಸೆ ದಿಲ್ಫುಜಾ ಟಿವಿಯಲ್ಲಿ ಹಿಂದಿ ಧಾರಾವಾಹಿ ನೋಡಿ ಹಿಂದಿ ಕಲಿತವಳು. ಅಂದಾನಪ್ಪನವರದೂ ಹರಕುಮುರುಕು ಹಿಂದಿಯೇ. ಇಬ್ಬರಿಗೂ ಸರಿಹೋಯಿತು.

ಚಹಾ ಬಂತು. ಕುಡಿದರು. ಎದ್ದು ಅಂಗಳಕ್ಕೆ ಹೋದರು. ಒಳಗೆ ಬಂದರು. ಮತ್ತೆ ಹೊರಗೆ... ಕಾಯುವುದೆಂದರೆ ಅವರಿಗೆ ಹಲ್ಲುನೋವಿದ್ದ ಹಾಗೆ.

ಹೀಗೆ ಸುತ್ತುವಾಗಲೇ ಗೋಡೆಯ ಮೇಲಿನ ಮೊಳೆಯಲ್ಲಿ ಒಂದು ದುಂಡನೆಯ ರೊಟ್ಟಿ ಕಂಡಿತು. ಒಣಗಿ ಕಟ್ಟಿಗೆಯಂತಾಗಿತ್ತು. ಅಂಚಿನಲ್ಲಿ ಯಾರೋ ಒಂದೇ ಒಂದು ತುತ್ತು ಕಚ್ಚಿದ ಗುರುತು!

ಅಲಂಕಾರಕ್ಕೆ ಇಟ್ಟಿರಬೇಕು ಅಂದುಕೊಂಡು, ಕೈಯಲ್ಲಿ ಹಿಡಿದು ಸೆಲ್ಫಿ ತೆಗೆಯೋಣ ಅಂತ ಅದನ್ನು ಮೊಳೆಯಿಂದ ತೆಗೆದರು.

"ಅಯ್ಯೋ, ಮುಟ್ಟಬೇಡಿ!" ದಿಲ್ಫುಜಾ ಚೀರಿದಳು.

ಅಜ್ಜಿ ಮೆಲ್ಲಗೆ ಬಂದು ಅಂದಾನಪ್ಪನವರ ಕೈಯಿಂದ ರೊಟ್ಟಿಯನ್ನು ತೆಗೆದುಕೊಂಡಳು... ತಲೆವಸ್ತ್ರದ ತುದಿಯಿಂದ ಒರೆಸಿದಳು... ಮತ್ತೆ ಮೊಳೆಗೆ ಹಾಕಿದಳು. ಬೈಯಲಿಲ್ಲ.

"ಅದು ಮಾವನವರ ರೊಟ್ಟಿ" ಅಂದಳು ದಿಲ್ಫುಜಾ. "ದೂರ ಹೋಗುವವರು ಒಂದು ತುತ್ತು ಕಚ್ಚಿ ಹೊರಡುತ್ತಾರೆ. ಉಳಿದದ್ದನ್ನು ಮನೆಯಲ್ಲಿ ತೂಗುಹಾಕುತ್ತೇವೆ. ವಾಪಸ್ ಬಂದವರೇ ಅದನ್ನು ತಿಂದು ಮುಗಿಸಬೇಕು. ಅದು ನಮ್ಮ ಪದ್ಧತಿ."

"ಮಾವ ಎಲ್ಲಿಗೆ ಹೋಗ್ಯಾರ?"

ದಿಲ್ಫುಜಾ ಅತ್ತೆಯ ಮುಖ ನೋಡಿದಳು. ಅಜ್ಜಿಯೇ ಹೇಳತೊಡಗಿದಳು, ಸೊಸೆ ಹಿಂದಿಯಲ್ಲಿ ಹೇಳುತ್ತಾ ಹೋದಳು...

"ಲಾರಿ ಓಡಿಸುತ್ತಿದ್ದರು. ಮನೆಯಲ್ಲಿ ಕೂತರೆ ಉಸಿರು ಕಟ್ಟುತ್ತದೆ ಅನ್ನುತ್ತಿದ್ದರು. ಆ ಸಲ ಬೇಡ ಅಂದೆ. 'ಇನ್ನೊಂದು ಟ್ರಿಪ್ ಅಷ್ಟೇ' ಅಂದರು. ಘಾಟಿಯಲ್ಲಿ ಹಿಮ ಕುಸಿಯಿತು... ಲಾರಿಯೂ ಸಿಗಲಿಲ್ಲ."

ಇನ್ನೊಂದು ಟ್ರಿಪ್ ಅಷ್ಟೇ... ಅಂದಾನಪ್ಪನವರಿಗೆ ತಮ್ಮದೇ ದನಿ ಕೇಳಿದಂತಾಯಿತು.

ಅಜ್ಜಿ ಅವರ ಕಡೆ ತಿರುಗಿದಳು. "ನಿನ್ನ ರೊಟ್ಟಿ ಯಾರ ಹತ್ತಿರ ಇದೆ, ಮಗನೇ?"

"ನಮ್ಮಲ್ಲಿ ಆ ಪದ್ಧತಿ ಇಲ್ಲವ್ವ" ಅಂದರು.

ಅನ್ನುವಾಗಲೇ ನೆನಪಾಯಿತು... ಹೊರಟ ದಿನ ಬೆಳಿಗ್ಗೆ ಸುವರ್ಣಾ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿಕೊಟ್ಟಿದ್ದರು. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ನಿಂತಲ್ಲೇ ಒಂದು ತುತ್ತು ತಿಂದು, "ಟೈಮಾತು" ಅಂತ ತಾಟು ಸರಿಸಿ ಬಂದಿದ್ದರು. ಹಿಂತಿರುಗಿಯೂ ನೋಡಿರಲಿಲ್ಲ.

ಅದನ್ನು ಅಜ್ಜಿಗೆ ಹೇಳಿದರು.

ಅಜ್ಜಿ ಅವರ ಕೈ ಹಿಡಿದಳು. "ಹಾಗಾದರೆ ನಿನ್ನದು ಅಲ್ಲೇ ಇದೆ. ನನ್ನವರಿಗೆ ಬರಲು ಆಗಲಿಲ್ಲ... ನಿನಗೆ ಆಗುತ್ತದೆ. ಹೋಗಿ ಮುಗಿಸು."

ಚೈನ್ ರಿಪೇರಿಯಾಯಿತು. ಬೈಕ್ ಸ್ಟಾರ್ಟ್ ಆಯಿತು. ಮುಂದೆ ಬೆಟ್ಟ... ಹಿಂದೆ ಮನೆಯ ದಾರಿ. ಬೆಟ್ಟ ಕಂಡರೆ ಈಗಲೂ ಕೈ ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ?

ಎಂಜಿನ್ ಆಫ್ ಮಾಡಿ ಫೋನ್ ತೆಗೆದರು.

"ಸುವರ್ಣಾ... ಹೊಂಟ ದಿನ ನಾ ಬಿಟ್ಟುಬಂದ ರೊಟ್ಟಿ ಏನ್ ಮಾಡಿದಿ?"

"ಏನ್ರಿ ಇದು! ಇಷ್ಟ ದಿನಕ್ಕ ಫೋನ್ ಮಾಡಿ ರೊಟ್ಟಿ ಲೆಕ್ಕಾ ಕೇಳ್ತೀರಿ? ಆವತ್ತ ಎಮ್ಮಿಗೆ ಹಾಕಿದೆ!"

ಅವರಿಗೆ ನಗು ಬಂತು. ಆಮೇಲೆ ಆ ಕಡೆಯಿಂದ ಸಣ್ಣ ದನಿಯಲ್ಲಿ ಬಂತು:

"ಆದ್ರ ನಿಮ್ಮ ತಾಟನ್ಯಾಗ ಯಾರಿಗೂ ಉಣ್ಣಾಕ ಕೊಟ್ಟಿಲ್ರಿ. ತೊಳದು ಹಂಗ ಇಟ್ಟೀನಿ."

ಅಂದಾನಪ್ಪನವರು ರಸ್ತೆಯ ಪಕ್ಕದಲ್ಲೇ ಕೂತು, ಮಗುವಿನ ಹಾಗೆ ಅತ್ತರು.

"ತೊಟ್ಟಿಲಾ ಕಟ್ಟು... ನಾ ಹೊಂಟೆ" ಅಂದರು. ಬೈಕನ್ನು ತಿರುಗಿಸಿದರು.

ಎಷ್ಟು ದೂರ ಹೋದರೂ ತಪ್ಪಲ್ಲ... ನಮಗಾಗಿ ತಾಟು ಇಟ್ಟು ಕಾಯುವವರನ್ನು ಮರೆಯುವುದು ತಪ್ಪು.

ನೀವು ಅರ್ಧಕ್ಕೆ ಬಿಟ್ಟು ಎದ್ದುಬಂದ ತಾಟು ಯಾರ ಮನೆಯಲ್ಲಿದೆ? ಇವತ್ತು ಅವರಿಗೊಂದು ಫೋನ್ ಮಾಡಬಹುದಲ್ಲ?