ಕತ್ತರಿ ಬಿದ್ದ ಚೀಟಿ

ಚೀಟಿ ಮತ್ತೆ ತಿರುಗಿ ಬಂತು. ಅಂಚಿಗೆ ಅದೇ ಕತ್ತರಿಯ ಕಚ್ಚು.

ಡಾಕ್ಟರ್ ಯಜ್ಞೇಶ್ವರ ಅದನ್ನು ಮೇಜಿನ ಮೇಲೆ ಹಾಕಿ ಒಂದು ಗಳಿಗೆ ಕಣ್ಣು ಮುಚ್ಚಿದ. ಬೆಳಗಿನಿಂದ ತೊಂಬತ್ತೆರಡು ಜನ ಆಗಿದ್ದರು. ಹೊರಗೆ ಬೇವಿನ ನೆರಳಿಗೆ ಇನ್ನೂ ಅಷ್ಟೇ ಜನ ಕೂತಿದ್ದರು. ೧೯೬೩ರ ಬೇಸಿಗೆ. ಹುಬ್ಬಳ್ಳಿಯ ಬಾವಿಗಳು ತಳ ಕಂಡಿದ್ದವು, ಓಣಿಗೆ ಓಣಿಯೇ ವಾಂತಿಭೇದಿಯಿಂದ ಮಲಗಿತ್ತು. ರಾಯಾಪುರದ ದಾರಿಯ ಈ ಧರ್ಮಾರ್ಥ ದವಾಖಾನೆಗೆ ಇದ್ದದ್ದು ಒಬ್ಬ ಡಾಕ್ಟರು, ಒಬ್ಬ ಕಂಪೌಂಡರು.

"ಔಷಧದ ಕಿಟಕ್ಯಾಗ ಏನಂದ್ರವ್ವಾ?"

"ಏನೂ ಅನ್ನಲಿಲ್ರಿ," ಅಂದಳು ಸಾವಕ್ಕ, ಕಂಕುಳಲ್ಲಿದ್ದ ಕೂಸನ್ನು ಮೇಲೆ ಸರಿಸಿಕೊಳ್ಳುತ್ತ. "ಚೀಟಿಗಿ ಕತ್ತರಿ ಹಾಕಿ, ಡಾಕ್ಟರಿಗೆ ಇನ್ನೊಮ್ಮೆ ತೋರಸು ಅಂದ್ರು."

ಯಜ್ಞೇಶ್ವರ ಚೀಟಿ ಓದಿದ. ಭೇದಿಗೆ ಕೊಡುವ ಅಫೀಮು ಬೆರೆತ ಔಷಧ, ಒಂದು ಬಾಟಲಿ ಆರೇ ಹೊತ್ತಿಗೆ. ದೊಡ್ಡವರ ಅಳತೆ! ಹಿಂದಿನ ಹತ್ತು ಜನಕ್ಕೆ ಬರೆದದ್ದನ್ನೇ ಕೈ ತನ್ನಷ್ಟಕ್ಕೆ ಬರೆದಿತ್ತು. ಕೂಸು ಕುಡಿದಿದ್ದರೆ ಮತ್ತೆ ಏಳುತ್ತಿರಲಿಲ್ಲ. ಹೊಡೆದು ಹಾಕಿ ಬೇರೆ ಬರೆದುಕೊಟ್ಟ.

ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಈ ವಾರ ಇದು ನಾಲ್ಕನೆಯ ಚೀಟಿ. ನಾಲ್ಕರಲ್ಲೂ ತಪ್ಪು ತನ್ನದೇ, ಒಪ್ಪಿದ. ಆದರೆ ಮೆತ್ತಗೆ ಬಂದು ಹೇಳಬಾರದೇ? ಒಂದಕ್ಷರ ಬರೆದು ಕಳಿಸಿದರೆ ಈ ಕಂಪೌಂಡರನ ಗಂಟೇನು ಹೋಗುತ್ತದೆ? ರೋಗಿಗಳೆದುರು ಚೀಟಿಗೆ ಕತ್ತರಿ ಹಾಕುವುದೆಂದರೆ ಡಾಕ್ಟರನ ಮೂಗಿಗೇ ಹಾಕಿದಂತೆ.

ಬಾಟಲಿ ತೊಳೆಯುವ ದುರಗವ್ವ ಚಹಾ ತಂದಿಟ್ಟಳು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, ಸಾವಕ್ಕನ ಕೂಸಿನ ಗಲ್ಲ ಮುಟ್ಟಿ, "ಎಷ್ಟು ತಿಂಗಳಾತವ್ವಾ ಇದಕ್ಕ?" ಎಂದು ಮಾತಿಗೆ ನಿಂತಳು. ಕೂಸು ಕಂಡರೆ ವಯಸ್ಸು ಕೇಳದೆ ಅವಳಿಗೆ ಸಮಾಧಾನವಿಲ್ಲ.

"ಹರಟಿ ಸಾಕು. ಹೊಳೆಯಪ್ಪನ್ನ ಕಳಸು."

ಕಂಪೌಂಡರ್ ಹೊಳೆಯಪ್ಪ ಬಂದು ನಿಂತ. ಐವತ್ತಾರು ವಯಸ್ಸು, ಔಷಧದ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದ ಚಾಕರಿ. ಮನೆಯಲ್ಲಿ ಹೆಂಡತಿ ಲಕ್ವಾ ಹೊಡೆದು ಮಲಗಿದ್ದಳು.

"ಇದು ನಿಮ್ಮ ಕೆಲಸ ಏನು?"

ಹೊಳೆಯಪ್ಪ ಕಚ್ಚನ್ನು ನೋಡಿದ. "ನನ್ನ ಕೋಣ್ಯಾಗಿಂದ ಬಂದದ್ದೆಲ್ಲಾ ನಂದ ರೀ, ಸಾಹೇಬ್ರ."

"ಒಂದು ಮಾತು ಬರದು ಕಳಸಾಕ ಏನು ಧಾಡಿ?"

"ಬರದು ಕಳಸೂದು ಆಗೂದಿಲ್ರಿ." ಅವನ ದನಿ ತಗ್ಗಿತು. "ಕತ್ತರಿ ಹಾಕಬ್ಯಾಡ ಅನ್ನೂದೂ ನನ್ನಿಂದ ಆಗೂದಿಲ್ರಿ."

ಎಂಥ ಸೊಕ್ಕು! ಯಜ್ಞೇಶ್ವರನಿಗೆ ಕೂಗಾಡಲೂ ಶಕ್ತಿ ಇರಲಿಲ್ಲ. "ಕಲಘಟಗಿ ಆಚೆ ನಮ್ಮ ಶಾಖೆಗೆ ಕಂಪೌಂಡರ್ ಬೇಕಂತ. ಸೋಮವಾರದಿಂದ ನೀವು ಅಲ್ಲಿ," ಎಂದ.

ಹೊಳೆಯಪ್ಪ ಹೆಂಡತಿಯ ಮಾತು ಎತ್ತುತ್ತಾನೆ, ಬೇಡಿಕೊಳ್ಳುತ್ತಾನೆ ಎಂದುಕೊಂಡ ಡಾಕ್ಟರು. ಎತ್ತಲಿಲ್ಲ.

"ಆತ್ರಿ. ಕೋಣಿ ಮಾತ್ರ ಹೆಂಗೈತಿ ಹಂಗ ಇರ್ಲಿ, ಸಾಹೇಬ್ರ. ಹೊಸಬರು ಬಂದು ಏನೂ ತಗದು ಹಾಕಬಾರದು."

ಹೋಗುವಾಗಲೂ ಸೀಸೆಗಳ ಚಿಂತೆ, ಎಂದುಕೊಂಡ ಯಜ್ಞೇಶ್ವರ.

ಸೋಮವಾರ ಮುಂಜಾನೆ ಹೊಳೆಯಪ್ಪ ಹೆಂಡತಿಯನ್ನು ಎತ್ತಿಕೊಂಡು ಬಸ್ಸು ಹತ್ತಿದನಂತೆ. ಜವಾನ ಹೇಳಿದ. ಡಾಕ್ಟರು ಕೇಳದವನಂತೆ ಮುಂದಿನ ಹೆಸರು ಕೂಗಿದ.

ಹೊಸ ಕಂಪೌಂಡರ್ ಕಮರುದ್ದೀನ ಧಾರವಾಡದವನು, ಚುರುಕು. "ನೀವು ಬರದದ್ದು ನಾ ಕೊಡೂದು, ಅಷ್ಟ ರೀ," ಎಂದು ಬಂದ ಕೂಡಲೇ ಹೇಳಿದ್ದ. ಯಜ್ಞೇಶ್ವರನ ಮನಸ್ಸಿಗೆ ಹಗುರಾಯಿತು.

ಹನ್ನೊಂದು ಗಂಟೆಗೆ ಮಾಳವ್ವ ಎಂಬ ಮುದುಕಿ ಕೈಗೂಸು ಮೊಮ್ಮಗಳನ್ನು ಹೊತ್ತುಕೊಂಡು ತಿರುಗಿ ಬಂದಳು. ಕೈಯಲ್ಲಿ ಚೀಟಿ. ಅಂಚಿಗೆ ಕಚ್ಚು.

ಯಜ್ಞೇಶ್ವರ ಚೀಟಿ ಹಿಡಿದು ಎದ್ದ. ಈ ದವಾಖಾನೆಗೆ ಬಂದ ಒಂದು ವರ್ಷದಲ್ಲಿ ಮೊದಲ ಸಲ ಔಷಧದ ಕೋಣೆಯ ಹೊಸ್ತಿಲು ದಾಟಿದ.

"ನಾ ಅಲ್ರಿ!" ಕಮರುದ್ದೀನ ಬೆಚ್ಚಿಬಿದ್ದ. "ಖುದಾನ ಆಣಿ, ನಾ ಒಳಗ ಔಷಧ ಕಲಸಾಕತ್ತಿದ್ನಿ!"

ಕಿಟಕಿಯ ಕೆಳಗೆ ಗೋಣಿತಟ್ಟಿನ ಮೇಲೆ ದುರಗವ್ವ ಕೂತಿದ್ದಳು. ಮಗ್ಗುಲಿಗೆ ಬಾಟಲಿಗಳ ಬುಟ್ಟಿ, ಅಂಟಿನ ಡಬ್ಬಿ. ಮಡಿಲ ತುಂಬ ಬಾಟಲಿಗೆ ಅಂಟಿಸುವ ಕಾಗದದ ಪಟ್ಟಿಗಳು. ಓದು ಬಾರದ ಜನಕ್ಕೆ ಆ ಪಟ್ಟಿಯೇ ಅಳತೆ, ಒಂದು ಕಚ್ಚಿಗೆ ಒಂದು ಹೊತ್ತು. ಕತ್ತರಿ ಅವಳ ಕೈಯಲ್ಲಿತ್ತು.

ಅವಳು ಎದ್ದು ನಿಂತಳು. "ಇವರು ಚೀಟಿ ನೋಡಿ, ಆರು ಕಚ್ಚಿನ ಪಟ್ಟಿ ಕತ್ತರಸು ಅಂದು ಒಳಗ ಹೋದ್ರು. ಕಿಟಕ್ಯಾಗ ನೋಡಿದ್ರ ಕೈಗೂಸು. ಕೂಸಿನ ಬಾಟ್ಲಿಗಿ ಇಪ್ಪತ್ತು ಕಚ್ಚು ಬೇಕಲ್ರಿ? ತಪ್ಪು ಕಂಡ್ರ ಸುಮ್ಮನ ಕೂಡಬ್ಯಾಡ, ಯಾರರ ಕೇಳಿದ್ರ ನಾ ಅದೀನಿ ಅಂತ ಹೊಳೆಯಪ್ಪಣ್ಣ ಹೇಳಿದ್ದ."

ಯಜ್ಞೇಶ್ವರ ಕೇಳಬಾರದೆಂದು ಗೊತ್ತಿದ್ದೂ ಕೇಳಿಬಿಟ್ಟ: "ಒಂದಕ್ಷರ ಬರದು ಕಳಸಿದ್ರ ಆಗ್ತಿದ್ದಿಲ್ಲೇನು?"

"ನನಗ ಬರಿಯಾಕ ಬರ್ತಿದ್ರ, ಸಾಹೇಬ್ರ, ಹೊಳೆಯಪ್ಪಣ್ಣ ಇವತ್ತು ಆ ಬಸ್ಸು ಹತ್ತತಿದ್ನೇನ್ರಿ?"