ದ್ರುತದ ಎರಡನೆಯ ಎಣಿಕೆ

"ದ್ರುತ ಅಂದ್ರೆ ಎರಡೇ ಎಣಿಕೆ. ಮೊದಲು ತಟ್ಟೋದು, ಆಮೇಲೆ ಅಂಗೈ ತಿರುಗಿಸೋದು," ಎಂದು ಮಗಳು ಒಪ್ಪಿಸಿದಳು. ಲಕ್ವ ಹೊಡೆದ ಮೇಲೆ ಸಂಗೀತ ಮೇಷ್ಟ್ರು ಹೇಳಿಕೊಡುತ್ತಿದ್ದ ಮೊದಲ ಪಾಠ ಅದು.

"ಬರೀ ಅರ್ಥ ಹೇಳಿದ್ರೆ ಆಯ್ತಾ? ತಾಳ ಹಾಕಿ ತೋರಿಸು."

"ನೀವೂ ಹಾಕಿ ಅಪ್ಪಾ. ಸೋಮಾರಿ ಮೇಷ್ಟ್ರು!"

ಮೇಷ್ಟ್ರು ಬಲಗೈಯನ್ನು ಭುಜದಿಂದಲೇ ಎತ್ತಿ ತೊಡೆಯ ಮೇಲೆ ಬೀಳಿಸಿದರು. ತಟ್ಟು ಸರಿಯಾಗಿಯೇ ಬಿತ್ತು. ಆಮೇಲೆ ಕೈ ತಿರುಗಲಿಲ್ಲ. ಅಲ್ಲೇ ಬೋರಲಾಗಿ ಬಿದ್ದುಕೊಂಡಿತು. ಮೇಷ್ಟ್ರು ಅದನ್ನು, ಪಕ್ಕದ ಮನೆಯವರು ಬಿಟ್ಟುಹೋದ ವಸ್ತುವೇನೋ ಎಂಬಂತೆ ನೋಡಿದರು.

"ರೀ, ನಾಳೆಯಿಂದ ಮಕ್ಕಳಿಗೆ ಪಾಠಕ್ಕೆ ಬರೋಕೆ ಹೇಳ್ಲಾ?" ಅಡುಗೆಮನೆಯಿಂದ ಹೆಂಡತಿ ಕೂಗಿ ಕೇಳಿದರು.

ಮಗಳು ತನ್ನ ತಾಳ ನಿಲ್ಲಿಸದೆ, ಎಡಗೈಯಿಂದ ಅಪ್ಪನ ಅಂಗೈಯನ್ನು ಮೆಲ್ಲಗೆ ಮೇಲ್ಮುಖ ಮಾಡಿದಳು. ಅವಳು ಮುಟ್ಟಿದ್ದು ಅವರಿಗೆ ಕಾಣಿಸಿತು, ಅಷ್ಟೇ.

"ಬರ್ಲಿ," ಎಂದರು. "ಇವಳೂ ಪಕ್ಕದಲ್ಲಿ ಕೂರ್ತಾಳೆ."